ಹಂಸಪಾದದ ಎಂಟನೆಯ ಸೆಕೆಂಡು

ನನ್ನ ಹೆಂಡತಿಯ ನಡಿಗೆ ಯಾರದೋ ಮನೆಯ ಡ್ರಾಯರಿನಲ್ಲಿ, ಕೆಟ್ಟು ಬಿದ್ದ ಹಳೆಯ ಫೋನಿನೊಳಗೆ ಇರಬಹುದು ಎಂದು ನಾನು ಹೇಳಿದಾಗ ಡಾಕ್ಟರ್ ತಬಸ್ಸುಮ್ ನದಾಫ ನಗಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, "ಪೂರ್ತಿ ಹೇಳ್ರಿ ಗುರುನಾಥ ಅವರ," ಎಂದರು. ನಗಬೇಕಾದ ಮಾತಿಗೆ ಡಾಕ್ಟರು ನಗದೆ ಕೂತರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿದೆ ಎಂದು ನೀವೇ ಲೆಕ್ಕ ಹಾಕಿ.

ಧಾರವಾಡದ ಆ ಪ್ರಯೋಗಾಲಯದಲ್ಲಿ ನಾವು ಕೂತಿದ್ದ ಕೋಣೆಗೂ ರೋಗಿಗಳ ಕೋಣೆಗೂ ನಡುವೆ ಗಾಜಿನ ಗೋಡೆಯಿತ್ತು. ಅದರಾಚೆ ವೈಜಯಂತಿ ಸೊಂಟಕ್ಕೆ ಬೆಲ್ಟು ಬಿಗಿದ ಕುರ್ಚಿಯಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದಳು. ಎರಡು ವರ್ಷದ ಹಿಂದೆ ಬಂದ ಒಂದು ಜ್ವರ ಅವಳ ಕಿರುಮೆದುಳನ್ನು ಹಾಳುಮಾಡಿ ಹೋಗಿತ್ತು. ಕೈಕಾಲುಗಳಲ್ಲಿ ಶಕ್ತಿ ಇತ್ತು. ಯಾವ ಸ್ನಾಯು ಯಾವ ಕ್ಷಣಕ್ಕೆ ಬಿಗಿಯಬೇಕು, ಯಾವ ಕ್ಷಣಕ್ಕೆ ಸಡಿಲಬೇಕು ಎಂಬ ಲೆಕ್ಕ ಮಾತ್ರ ತಪ್ಪಿಹೋಗಿತ್ತು. ನಿಲ್ಲಿಸಿದರೆ ಬೀಳುತ್ತಿದ್ದಳು. ಲೋಟ ಹಿಡಿಯಲು ಹೋದರೆ ಕೈ ಲೋಟವನ್ನು ದಾಟಿ ಹೋಗುತ್ತಿತ್ತು.

ಆ ಲೆಕ್ಕವನ್ನು ಹೊರಗಿನಿಂದ ಕೊಡಲು ಬಂದದ್ದು ಲಯಪಟ್ಟಿ. ಬೆನ್ನುಹುರಿಯ ಮೇಲೆ ಕೂರಿಸುವ, ಬೆರಳಗಲದ ಮೆತ್ತನೆಯ ಪಟ್ಟಿ ಅದು. ಸರಿಯಾದ ಹೊತ್ತಿಗೆ ಸರಿಯಾದ ಸ್ನಾಯುವಿಗೆ ಅದು ಸೂಚನೆ ಕಳಿಸುತ್ತದೆ. ಆದರೆ ಮೊದಲು ಅದಕ್ಕೆ ಕಲಿಸಬೇಕು. ರೋಗಿ ಆರೋಗ್ಯವಾಗಿದ್ದಾಗ ಅವಳ ಒಂದೊಂದು ಕೀಲು ಹೇಗೆ ಬಾಗುತ್ತಿತ್ತು ಎಂಬ ದಾಖಲೆಯನ್ನೇ ಕೊಡಬೇಕು. ವಿಜಯಪುರದ ಒಬ್ಬ ರೋಗಿಗೆ ಬೇರೆ ಯಾರದೋ ನಡಿಗೆ ಕೊಟ್ಟು ನೋಡಿದ್ದರಂತೆ. ಮೂರನೇ ಹೆಜ್ಜೆಗೆ ಬಿದ್ದು ಸೊಂಟ ಮುರಿದುಕೊಂಡ. ವೈಜಯಂತಿಯ ಹಳೆಯ ಡ್ಯಾನ್ಸಿನ ವಿಡಿಯೊಗಳು ಸಾಕಾಗುತ್ತವೆ ಎಂದುಕೊಂಡು ಪಟ್ಟಿ ಕೂರಿಸಿದ್ದರು. ಸಾಕಾಗಲಿಲ್ಲ.

"ವಿಡಿಯೊದಾಗ ಕಾಣೂದು ಮೈ ಅಷ್ಟ. ನಮಗ ಬೇಕಾದ್ದು ಕೀಲು," ಎಂದರು ಡಾಕ್ಟರ್. "ಪಟ್ಟಿ ಕೂರಿಸಿದ ನಲವತ್ತೆರಡು ದಿನದಾಗ ಅದರ ಸುತ್ತ ಒಂದು ಪೊರಿ ಬೆಳೀತೈತಿ. ಅಷ್ಟರೊಳಗ ಏನು ಕಲಸ್ತೀವೋ ಅದು ಉಳೀತೈತಿ. ಆಮ್ಯಾಲ ಹೊಸಾದು ಏನೂ ಕಲಿಯೂದಿಲ್ಲ. ಈಗಾಗಲೇ ಐದು ದಿನ ಹೋದೂವು."

ಆಗ ನಾನು ಹಂಸಪಾದದ ವಿಷಯ ಹೇಳಿದೆ.

ಇಪ್ಪತ್ತು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ನಾನು ಮೊಬೈಲಿನ ಪರದೆಗೆ ಹಾಕುವ ಚಲಿಸುವ ವಾಲ್‌ಪೇಪರ್‌ಗಳನ್ನು ಮಾಡುತ್ತಿದ್ದೆ. ಮಳೆ ಬೀಳುವುದು, ಮೀನು ಈಜುವುದು, ಇಂಥವು. ವೈಜಯಂತಿ ರೈಲ್ವೆ ಇನ್‌ಸ್ಟಿಟ್ಯೂಟಿನ ಮರದ ನೆಲದ ಮೇಲೆ ಬ್ಯಾಲೆ ಕಲಿತವಳು. ನಿವೃತ್ತ ಗಾರ್ಡೊಬ್ಬರ ಮಗಳು ಮಿಸ್ ಮೊರೀನ್ ಆಕೆಗೆ ಹೆಬ್ಬೆರಳ ತುದಿಯಲ್ಲಿ ನಿಲ್ಲುವುದನ್ನು ಕಲಿಸಿದ್ದರು. ಹುಬ್ಬಳ್ಳಿಯಲ್ಲಿ ಬ್ಯಾಲೆ ಯಾರು ನೋಡುತ್ತಾರೆ ಎಂದು ಎಲ್ಲರೂ ಕೇಳುತ್ತಿದ್ದರು. ಫೋನಿನಲ್ಲಿ ನೋಡಲಿ ಬಿಡು ಎಂದು ನಾನು ಹೇಳಿದೆ. ಒಂದು ದಿನದ ಮಟ್ಟಿಗೆ ಸೆನ್ಸರ್ ಹೊಲಿದ ಉಡುಪನ್ನು ಬಾಡಿಗೆಗೆ ತಂದು, ಅದೇ ಮರದ ನೆಲದ ಮೇಲೆ ಅವಳನ್ನು ಕುಣಿಸಿ, ಮೈಯ ಪ್ರತಿ ಕೀಲಿನ ಬಾಗುವಿಕೆಯನ್ನೂ ಸೆಕೆಂಡಿಗೆ ನೂರು ಸಲ ದಾಖಲಿಸಿಕೊಂಡೆ.

ಆ ವಾಲ್‌ಪೇಪರ್ ಆ್ಯಪ್‌ಗೆ ಹಂಸಪಾದ ಎಂದು ಹೆಸರಿಟ್ಟೆ. ಅದರಲ್ಲಿ ಚಿತ್ರಗಳಿರಲಿಲ್ಲ. ಚಿತ್ರ ತುಂಬಿದರೆ ಆ್ಯಪ್ ಭಾರವಾಗುತ್ತದೆ. ಅದರಲ್ಲಿ ಇದ್ದದ್ದು ಕೀಲುಗಳ ಲೆಕ್ಕ ಮಾತ್ರ. ಅದನ್ನು ಓದಿ ಫೋನೇ ಬಿಳಿ ಲಂಗದ ನರ್ತಕಿಯನ್ನು ಬರೆಯುತ್ತಿತ್ತು. ಫೋನ್ ಓರೆಮಾಡಿದರೆ ಅವಳು ಆ ಕಡೆ ತಿರುಗುತ್ತಿದ್ದಳು, ಬೆರಳು ತಾಗಿಸಿದರೆ ಸುತ್ತುತ್ತಿದ್ದಳು. ಹನ್ನೊಂದು ಲಕ್ಷ ಜನ ಇಳಿಸಿಕೊಂಡರು. ಆಮೇಲೆ ಜನಕ್ಕೆ ಬೇಸರವಾಯಿತು, ಆ್ಯಪ್ ಅಂಗಡಿಯಿಂದ ಅದು ಮರೆಯಾಯಿತು. ಆಫೀಸು ಮುಚ್ಚುವಾಗ ನಾನು ಡಿಸ್ಕುಗಳಲ್ಲಿದ್ದುದನ್ನೆಲ್ಲ ಅಳಿಸಿ ಕೊಟ್ಟುಬಿಟ್ಟೆ.

"ಅಂದ್ರ ಯಾವುದರ ಒಂದು ಹಳೇ ಫೋನ್ ಸಿಕ್ಕರ ಸಾಕು," ಎಂದರು ಡಾಕ್ಟರ್.

"ಸಾಕು," ಎಂದೆ. ಅಷ್ಟು ಧೈರ್ಯವಾಗಿ ಹೇಳಿದ್ದು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

*

ಮನೆಯಲ್ಲಿ ನಾವು ಬದುಕಲು ಒಂದು ರೀತಿ ಕಂಡುಕೊಂಡಿದ್ದೆವು. ಹಾಸಿಗೆ ನೆಲದ ಮೇಲೆ ಇತ್ತು, ಬಿದ್ದರೂ ಪೆಟ್ಟಾಗದಂತೆ. ಮೇಜುಗಳ ಮೂಲೆಗಳನ್ನೆಲ್ಲ ನನ್ನ ಮಾವ ಈರಪ್ಪ ಬಡಿಗೇರರು ಉಜ್ಜಿ ಉರುಟು ಮಾಡಿದ್ದರು. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೆಂಟು ವರ್ಷ ಬಡಗಿಯಾಗಿದ್ದವರು. ಇನ್‌ಸ್ಟಿಟ್ಯೂಟಿನ ಆ ಮರದ ನೆಲ ಹಾಸಿದ್ದೂ ಅವರೇ. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಬಂದು ಹಿತ್ತಲ ಕೋಣೆಯಲ್ಲಿದ್ದರು. ನನಗೂ ಅವರಿಗೂ ಮಾತು ಕಡಿಮೆ. ಫೋನಿನ ಆಟಿಕೆ ಮಾಡುವವನಿಗೆ ಮಗಳನ್ನು ಕೊಟ್ಟೆ ಎಂಬ ಬೇಸರ ಅವರಿಗೆ ಇದೆ ಎಂದು ನಾನೇ ಅಂದುಕೊಂಡಿದ್ದೆ. ಕೇಳಲು ಹೋಗಿರಲಿಲ್ಲ.

ವೈಜಯಂತಿಯ ಮಾತೂ ತುಂಡು ತುಂಡಾಗಿ ಬರುತ್ತಿತ್ತು. ನಾಲಿಗೆಗೂ ಲೆಕ್ಕ ಬೇಕಲ್ಲ. ನಾನು ಸಂಜೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಕೇಳುತ್ತಿದ್ದಳು.

"ಸಿಕ್... ತನ್ರೀ?"

"ಇಲ್ಲ. ನಾಳೆ ಗದಗಕ್ಕ ಹೋಗ್ತೀನಿ."

ಅನ್ನ ಕಲಸಿ ಬಾಯಿಗಿಡುವಾಗ ಅವಳ ತಲೆ ಪಕ್ಕಕ್ಕೆ ಸರಿಯುತ್ತಿತ್ತು, ತುತ್ತು ಕೆನ್ನೆಗೆ ಹತ್ತುತ್ತಿತ್ತು. ಅವಳು ನಗುತ್ತಿದ್ದಳು. ನಗು ಒಂದೇ ಹಳೆಯ ಹಾಗೆ ಉಳಿದಿತ್ತು, ಅದಕ್ಕೇ ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಹುಬ್ಬಳ್ಳಿಯ ದುರ್ಗದಬೈಲಿನ ರಿಪೇರಿ ಅಂಗಡಿಗಳಿಂದ ಶುರು ಮಾಡಿ, ಗುಜರಿಯವರ ಗೋಣಿಚೀಲಗಳನ್ನು ಸುರಿಸಿ ನೋಡಿದೆ. ರೇಡಿಯೊದಲ್ಲಿ ಹೇಳಿಸಿದೆ. ಜನ ಒಳ್ಳೆಯವರು, ಸತ್ತ ಅಣ್ಣನ ಫೋನು, ಮದುವೆಯಲ್ಲಿ ಬಂದ ಫೋನು ಎಂದು ಹುಡುಕಿ ತಂದುಕೊಟ್ಟರು. ಕೆಲವು ಆನ್ ಆಗಲೇ ಇಲ್ಲ. ಆನ್ ಆದವುಗಳಲ್ಲಿ ದೇವರ ಫೋಟೊ ಇತ್ತು, ಮಕ್ಕಳ ಫೋಟೊ ಇತ್ತು. ಹನ್ನೊಂದು ಲಕ್ಷ ಫೋನುಗಳಲ್ಲಿ ಕುಣಿದ ನನ್ನ ಹೆಂಡತಿ ಒಂದರಲ್ಲೂ ಇರಲಿಲ್ಲ. ಇಪ್ಪತ್ತನೇ ದಿನ ಕಳೆಯಿತು, ಇಪ್ಪತ್ತೈದನೆಯದು ಕಳೆಯಿತು. ನನಗೆ ದಿನ ಎಣಿಸುವುದು ಬಿಟ್ಟು ಬೇರೆ ಯೋಚನೆ ಇರಲಿಲ್ಲ.

ಮೂವತ್ತೊಂದನೇ ದಿನ ಗದಗದಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಒಬ್ಬ ಹೆಂಗಸು, ಒಡೆದ ಗಾಜಿಗೆ ಟೇಪು ಸುತ್ತಿದ ಒಂದು ಫೋನನ್ನು ನನ್ನ ಕೈಗಿಟ್ಟಳು. ಚಾರ್ಜರ್ ಚುಚ್ಚಿ ಹತ್ತು ನಿಮಿಷ ಕಾದೆವು. ಪರದೆ ಬೆಳಗಿತು. ಬಿರುಕುಗಳ ನಡುವೆ ಬಿಳಿ ಲಂಗದವಳು ತೋಳು ಎತ್ತಿ ಮೆಲ್ಲಗೆ ಸುತ್ತಿದಳು. ನಾನು ಪಾರ್ಲರಿನ ಕುರ್ಚಿಯಲ್ಲಿ ಕೂತು ಅತ್ತೆ. ಆ ಹೆಂಗಸು ಒಂದು ಟವೆಲ್ಲು ಕೊಟ್ಟಳು.

*

ಮರುದಿನ ಪ್ರಯೋಗಾಲಯದಲ್ಲಿ ಡಾಕ್ಟರ್ ನದಾಫ ಪರದೆಯ ಮೇಲೆ ಎರಡು ಗೆರೆಗಳನ್ನು ಎಳೆಸಿದರು. ಒಂದು ಬಲಗಾಲಿನದು, ಒಂದು ಎಡಗಾಲಿನದು. ಆಮೇಲೆ ಒಂದರ ಮೇಲೊಂದನ್ನು ಇಟ್ಟರು. ಎರಡೂ ಕೂಡಿ ಒಂದೇ ಗೆರೆಯಾಯಿತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಯಾವ ಮನಷ್ಯಾರದೂ ಹಿಂಗ ಇರೂದಿಲ್ಲ," ಎಂದರು. ನನ್ನ ಮುಖ ನೋಡಿದರು. "ನಿಮಗ ಗೊತ್ತಿತ್ತೇನು?"

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೆನಪಾಗದಂತೆ ನೋಡಿಕೊಂಡಿದ್ದೆ.

ವೈಜಯಂತಿಯ ಎಡಗಾಲು ಹುಟ್ಟಿನಿಂದಲೇ ಬಲಗಾಲಿಗಿಂತ ಸ್ವಲ್ಪ ಗಿಡ್ಡ. ಅವಳಪ್ಪ ತೇಗದ ತೆಳು ಚಕ್ಕೆಯೊಂದನ್ನು ಹೆರೆದು ಎಡ ಶೂಸಿನೊಳಗೆ ಇಟ್ಟುಕೊಡುತ್ತಿದ್ದರು. ಅಷ್ಟಾದರೂ ಕುಣಿಯುವಾಗ ಅವಳು ಎಡಕ್ಕೆ ಒಂದಿಷ್ಟು ವಾಲುತ್ತಿದ್ದಳು, ಆ ವಾಲಿಕೆಯಲ್ಲೇ ಅವಳ ತೂಕ ನಿಲ್ಲುತ್ತಿತ್ತು. ಆ್ಯಪ್ ಬಿಡುವ ಮೊದಲು ನೋಡಿದ ಗೆಳೆಯರು, ನಿನ್ನ ಗೊಂಬೆ ವಾಲುತ್ತದೆ, ಜನ ಫೋನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ ಎಂದರು. ನಮ್ಮ ಕಸುಬಿನಲ್ಲಿ ಇದಕ್ಕೊಂದು ಸುಲಭದ ದಾರಿ ಇದೆ. ಅರ್ಧ ಮೈಯ ದಾಖಲೆ ಅಳಿಸಿ, ಉಳಿದರ್ಧವನ್ನು ಕನ್ನಡಿಯಲ್ಲಿ ತಿರುಗಿಸಿ ಆ ಕಡೆ ಕೂರಿಸುವುದು. ಗೊಂಬೆ ನೆಟ್ಟಗಾಗುತ್ತದೆ, ಆ್ಯಪ್ ಹಗುರಾಗುತ್ತದೆ. ಎಲ್ಲರೂ ಮಾಡುತ್ತಾರೆ. ನಾನೂ ಒಂದು ಮಧ್ಯಾಹ್ನ ಕೂತು ನನ್ನ ಹೆಂಡತಿಯ ಎಡಭಾಗವನ್ನು ಪೂರ್ತಿ ಅಳಿಸಿದೆ.

"ಇದನ್ನ ಪಟ್ಟಿಗೆ ಕಲಿಸಿದ್ರ ಆಕಿ ಎಡಗಾಲಿಗೆ ಬಲಗಾಲಿನ ಹುಕುಂ ಹೋಗತೈತಿ. ಮೊದಲನೇ ಹೆಜ್ಜಿಗೇ ಬೀಳ್ತಾರ," ಎಂದರು ಡಾಕ್ಟರ್. ಬೈಯಲಿಲ್ಲ. ಹತ್ತು ದಿನ ಉಳಿದಿತ್ತು.

ಮನೆಗೆ ಬಂದು ವೈಜಯಂತಿಯ ಎದುರು ನೆಲದ ಮೇಲೆ ಕೂತೆ. ಒಂದನ್ನೂ ಮುಚ್ಚಿಡದೆ ಹೇಳಿದೆ. ಹಿತ್ತಲ ಕೋಣೆಯ ಬಾಗಿಲಲ್ಲಿ ಮಾವ ನಿಂತಿದ್ದರು; ಅವರಿಗೂ ಕೇಳಲಿ ಎಂದು ದನಿ ತಗ್ಗಿಸಲಿಲ್ಲ.

ಅವಳು ಒಂದೊಂದೇ ಅಕ್ಷರ ಜೋಡಿಸಿ, "ಆವತ್ತ... ಹೇಳಿದ್ನೆಲ್ರೀ. ಅದು... ನಾ ಅಲ್ಲಂತ," ಎಂದಳು.

ಹೇಳಿದ್ದಳು. ಹಂಸಪಾದ ಮೊದಲ ಸಲ ನನ್ನ ಫೋನಿನಲ್ಲಿ ಕುಣಿದ ದಿನ ಪಕ್ಕದಲ್ಲಿ ಕೂತು ನೋಡಿ, ಭಾಳ ಛಂದ ಐತಿ, ಆದ್ರ ಅದು ನಾ ಅಲ್ಲ ಎಂದಿದ್ದಳು. ನಿನಗಿಂತ ಛಂದ ಇದ್ದಾಳೆ ಎಂಬ ಹೊಟ್ಟೆಕಿಚ್ಚು ಎಂದು ನಾನು ಛೇಡಿಸಿದ್ದೆ. ಅವಳೂ ನಕ್ಕು ಸುಮ್ಮನಾಗಿದ್ದಳು. ಇಪ್ಪತ್ತು ವರ್ಷ ಆ ಮಾತನ್ನು ಅವಳು ಒಳಗೇ ಇಟ್ಟುಕೊಂಡಿದ್ದಳು ಎಂದು ನನಗೆ ಗೊತ್ತಿರಲಿಲ್ಲ.

"ಅಳಿಯಾರ," ಎಂದರು ಮಾವ ಬಾಗಿಲಿನಿಂದ. "ನೀವು ಹುಡುಕೂದು ಆಕಿ ಕುಣಿಯೂ ಫೋನು. ಹೌದಲ್ಲ?"

"ಹೌದ್ರಿ ಮಾವಾರ."

"ನನ್ನ ಹತ್ರ ಇರೂದು ಕುಣಿಯೂದಲ್ಲ. ಅದಕ್ಕ ಹೇಳಲಿಲ್ಲ. ಬರ್ರಿ, ನೋಡಬರ್ರಿ."

ಅವರ ಕೋಣೆಯೊಳಗೆ ನಾನು ಹೋಗಿ ಎಷ್ಟು ದಿನವಾಗಿತ್ತೋ. ದಿಂಬಿನ ಬದಿಗೆ, ಮಲಗಿದವರಿಗೆ ಮಾತ್ರ ಕಾಣುವ ಹಾಗೆ, ತೇಗದ ಚೌಕಟ್ಟೊಂದು ನಿಂತಿತ್ತು. ಹಿಂದುಗಡೆಯಿಂದ ನೋಡಿ ಅತ್ತೆಯ ಫೋಟೊ ಎಂದುಕೊಂಡಿದ್ದೆ. ಚೌಕಟ್ಟಿನೊಳಗೆ ಅವರ ಹಳೆಯ ಫೋನಿತ್ತು, ಅದರ ಬಾಲ ಗೋಡೆಯ ಪ್ಲಗ್ಗಿನಲ್ಲಿತ್ತು. ಬ್ಯಾಟರಿ ಸತ್ತು ವರ್ಷಗಳಾಗಿದ್ದವು. ತಂತಿ ಕಿತ್ತರೆ ಅದು ಆರುತ್ತಿತ್ತು, ಅದಕ್ಕೆ ಅವರು ಕೀಳುತ್ತಿರಲಿಲ್ಲ.

ಪರದೆಯಲ್ಲಿ ಬಿಳಿ ಲಂಗದವಳು ಸ್ಟೂಲಿನ ಮೇಲೆ ಕೂತು, ಎಡಗಾಲಿಗೆ ಬಾಗಿ, ಶೂಸಿನ ರಿಬ್ಬನ್ ಕಟ್ಟಿಕೊಂಡು ಎದ್ದು ನಿಲ್ಲುತ್ತಿದ್ದಳು. ಮತ್ತೆ ಕೂರುತ್ತಿದ್ದಳು.

ಆ ದೃಶ್ಯ ನನಗೆ ನಿಜಕ್ಕೂ ಮರೆತುಹೋಗಿತ್ತು. ಫೋನ್ ಚಾರ್ಜಿಗಿಟ್ಟಾಗ ಮಾತ್ರ ಕಾಣಲಿ ಎಂದು ಮೊದಲ ಆವೃತ್ತಿಯಲ್ಲಿ ಹಾಕಿದ್ದೆ. ಫೋನ್ ಬಿಸಿಯಾಗುತ್ತದೆ ಎಂದು ದೂರು ಬಂದು ಮೂರೇ ವಾರದಲ್ಲಿ ತೆಗೆದುಹಾಕಿದ್ದೆ.

"ಹೊಸಾದು ಬಂದೈತಿ, ಒತ್ತರಿ ಅಂತ ಫೋನ್ ಕೇಳತಿತ್ತು. ನಾ ಒತ್ತಲಿಲ್ಲ," ಎಂದರು ಮಾವ. "ಕುಣಿಯೂದ್ರಾಗ ನನ್ನ ಮಗಳು ಕಾಣಲಿಲ್ಲ. ಇದ್ರಾಗ ಕಂಡ್ಲು. ನೋಡ್ರಿ, ಚಕ್ಕಿ ಇಟ್ಟ ಕಾಲು ಹೆಂಗ ಊರ್ತಾಳ."

ನಾನು ಬಾಗಿ ನೋಡಿದೆ. ರಿಬ್ಬನ್ ಕಟ್ಟುವಾಗ ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಅಂಥದ್ದನ್ನು ಕನ್ನಡಿಯಲ್ಲಿ ತಿರುಗಿಸಲು ಬರುವುದಿಲ್ಲ. ಹಾಗಾಗಿ ಇದನ್ನು ನಾನು ಮುಟ್ಟಿರಲಿಲ್ಲ. ಎದ್ದು ನಿಂತವಳು ಎಡಕ್ಕೆ ಒಂದಿಷ್ಟು ವಾಲಿದ್ದಳು. ಊರೂರು ತಿರುಗಿ ಹುಡುಕಿದ ನಾನು ನನ್ನ ಮನೆಯಲ್ಲಿರುವ ಮುದುಕನನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ. ಅವರ ಕಾಲು ಹಿಡಿದುಕೊಂಡೆ. ಅವರು ನನ್ನ ತಲೆಯ ಮೇಲೆ ಕೈಯಿಡಲೂ ಇಲ್ಲ, ಕಾಲು ಎಳೆದುಕೊಳ್ಳಲೂ ಇಲ್ಲ.

*

"ಏಳು ಸೆಕೆಂಡ್ ಐತಿ," ಎಂದರು ಡಾಕ್ಟರ್ ನದಾಫ. ಫೋನನ್ನು ಚೌಕಟ್ಟು, ತಂತಿಯ ಸಮೇತ ಮೇಜಿನ ಮೇಲಿಟ್ಟುಕೊಂಡು ಎರಡು ದಿನ ಅದರ ಹೊಟ್ಟೆ ಬಗೆದಿದ್ದರು. "ಬಾಗೂದು, ಕಟ್ಟೂದು, ಏಳೂದು, ನಿಂದರೂದು. ಮತ್ತ ಕೂಡ್ರೂದು ಆಕಿದಲ್ಲ. ಎದ್ದದ್ದನ್ನ ನೀವು ಹಿಂದಮುಂದ ಓಡಿಸೀರಿ. ಫೋನಿನಾಗ ನಡೀತೈತಿ. ಸ್ನಾಯುಕ್ಕ ಹಿಂದಕ್ಕ ಓಡೂದು ಬರೂದಿಲ್ಲ."

"ಏಳು ಸೆಕೆಂಡಿನಿಂದ ನಡಿಗಿ ಕಲಸ್ಲಿಕ್ಕೆ ಆಗೂದಿಲ್ಲೇನ್ರಿ?"

"ಅದ್ರಾಗ ಒಂದ ಹೆಜ್ಜಿನೂ ಇಲ್ಲ, ಗುರುನಾಥ ಅವರ. ಇಲ್ಲದ್ದನ್ನ ಹೆಂಗ ಕಲಸ್ಲಿ?"

ಮೂವತ್ತೊಂಬತ್ತನೇ ದಿನ ವೈಜಯಂತಿಯನ್ನು ಸ್ಟೂಲಿನ ಮೇಲೆ ಕೂರಿಸಿದರು. ಎರಡೂ ಬದಿ ನರ್ಸುಗಳು, ಎದುರಿಗೆ ನಾನು, ಗೋಡೆಯ ಹತ್ತಿರ ಚೀಲ ಹಿಡಿದು ಮಾವ. ಹೊಸ ಶೂಸು ತಂದು ತೊಡಿಸಿದ್ದೆವು. ಪಟ್ಟಿ ಕೆಲಸ ಶುರು ಮಾಡಿತು. ಅವಳು ಬಾಗಿದಳು, ಎರಡು ವರ್ಷದಿಂದ ಲೋಟ ಹಿಡಿಯಲಾಗದ ಬೆರಳುಗಳು ರಿಬ್ಬನ್ನಿನ ತುದಿ ಹಿಡಿದವು. ಎದ್ದಳು. ಏಳುವಷ್ಟರಲ್ಲೇ ಎಡಕ್ಕೆ ಕುಸಿದಳು. ಎರಡನೇ ಸಲವೂ ಹಾಗೆಯೇ ಆಯಿತು, ಮೂರನೇ ಸಲವೂ ಹಾಗೆಯೇ ಆಯಿತು. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಚಕ್ಕಿ," ಎಂದಳು ವೈಜಯಂತಿ. "ಅಪ್ಪಾ. ಚಕ್ಕಿ."

ಆವತ್ತು ಇನ್‌ಸ್ಟಿಟ್ಯೂಟಿನಲ್ಲಿ ಅವಳ ಎಡ ಶೂಸಿನೊಳಗೆ ತೇಗದ ಚಕ್ಕೆ ಇತ್ತು. ದಾಖಲೆ ಆ ಎತ್ತರಕ್ಕೆ ಆದದ್ದು. ಮಾವ ಫೋನಿನ ಚೌಕಟ್ಟನ್ನು ಕೈಗೆತ್ತಿಕೊಂಡು ಅದರ ಹಿಂದಿನ ತೇಗದ ರೀಪನ್ನು ಕಿತ್ತರು, ಚೀಲದಿಂದ ಉಳಿ ತೆಗೆದು ಪ್ರಯೋಗಾಲಯದ ನೆಲದ ಮೇಲೆ ಕೂತು ಹೆರೆಯತೊಡಗಿದರು. ವಯಸ್ಸು ಎಂಬತ್ತರ ಹತ್ತಿರ, ಆದರೂ ಉಳಿ ಒಂದು ಸಲವೂ ಜಾರಲಿಲ್ಲ. ಅಳತೆ ಕೇಳಲಿಲ್ಲ. ಮಗಳ ಅಂಗಾಲಿನ ಕೆಳಗೆ ಚಕ್ಕೆ ಇಟ್ಟು, ಶೂಸು ತೊಡಿಸಿ, "ಏಳ, ತಾಯಿ," ಎಂದರು.

ಅವಳು ಬಾಗಿದಳು. ರಿಬ್ಬನ್ ಸುತ್ತಿ ಗಂಟು ಹಾಕಿದಳು. ಎದ್ದಳು. ನಿಂತಳು. ಎಡಕ್ಕೆ ಒಂದಿಷ್ಟು ವಾಲಿ, ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ನಗುತ್ತ ನನ್ನನ್ನೇ ನೋಡುತ್ತ ನಿಂತಳು. ಇಪ್ಪತ್ತು ವರ್ಷದ ಹಿಂದಿನ ವೈಜಯಂತಿ. ನನಗೆ ಆ ಕ್ಷಣ ಎಲ್ಲವೂ ತಿರುಗಿ ಸಿಕ್ಕಿತು ಅನಿಸಿತು.

ಏಳು ಸೆಕೆಂಡು ಮುಗಿಯಿತು. ಪಟ್ಟಿಗೆ ಮುಂದೆ ಹೇಳಲು ಏನೂ ಇರಲಿಲ್ಲ. ಅವಳ ಮೊಣಕಾಲು ಸಡಿಲಿತು, ನಾನು ಮುಂದೆ ಹಾರಿ ಹಿಡಿದುಕೊಂಡೆ. ನನ್ನ ಹೆಗಲ ಮೇಲೆ ಬಾಯಿಟ್ಟು ಕೇಳಿದಳು.

"ಎಂಟನೇದು... ಎಲ್ಲೈತ್ರೀ?"

ಎಂಟನೆಯದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅವಳು ಎದ್ದು ನಿಂತು ನಕ್ಕ ಕೂಡಲೇ ನನಗೆ ಎಲ್ಲ ನೆನಪಾಗಿತ್ತು. ಆ ದಿನ ರಿಬ್ಬನ್ ಕಟ್ಟಿಕೊಂಡು ಎದ್ದವಳು ಅಲ್ಲಿಗೆ ನಿಂತಿರಲಿಲ್ಲ. ನಾನು ಕಂಪ್ಯೂಟರ್ ಹಿಡಿದು ನಿಂತಿದ್ದ ಮೂಲೆಯ ಕಡೆ ನಡೆದು ಬಂದು, ಚಹಾ ತರಸ್ರೀ, ಗಂಟಲು ಒಣಗೇತಿ ಎಂದಿದ್ದಳು. ನಾಲ್ಕು ಹೆಜ್ಜೆ. ಕುಣಿತ ಅಲ್ಲ, ಬರೀ ನಡಿಗೆ. ಅವಳದೇ ನಡಿಗೆ, ಎರಡೂ ಕಾಲಿನದು. ಸೆನ್ಸರುಗಳು ಅದನ್ನೂ ಬರೆದುಕೊಂಡಿದ್ದವು. ಅವಳು ಮತ್ತೆ ಸ್ಟೂಲಿಗೆ ಕೂರುವ ಹಾಗೆ ದೃಶ್ಯ ಜೋಡಿಸಬೇಕಿತ್ತು, ಅದಕ್ಕೆ ನಾನು ಏಳನೇ ಸೆಕೆಂಡಿಗೆ ಕತ್ತರಿಸಿದೆ. ಉಳಿದದ್ದನ್ನು ಬೇಡದ್ದು ಎಂದು ಅಳಿಸಿದೆ.

ಅದನ್ನೂ ಅವಳಿಗೆ ಹೇಳಿದೆ. ಅಲ್ಲಿಯೇ, ಅವಳನ್ನು ಹಿಡಿದುಕೊಂಡೇ ಹೇಳಿದೆ. ಹೇಳದೆ ಇರಲು ನನಗೆ ಹಕ್ಕು ಉಳಿದಿರಲಿಲ್ಲ. ಅವಳು ಅತ್ತಳು. ಕಾಯಿಲೆ ಬಂದ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಮೂರು ದಿನದ ಮೇಲೆ ಪೊರೆ ಕೂಡಿಕೊಂಡಿತು.

ಈಗ ದಿನಾ ಬೆಳಿಗ್ಗೆ ಹತ್ತು ಗಂಟೆಗೆ, ನಡುಮನೆಯಲ್ಲಿ, ವೈಜಯಂತಿ ಸ್ಟೂಲಿನ ಮೇಲೆ ಕೂರುತ್ತಾಳೆ. ಮಾವ ಶೂಸು ತೊಡಿಸುತ್ತಾರೆ. ಮೊದಲ ವಾರ ನಾನು ಅವಳ ಮಗ್ಗುಲಲ್ಲೇ ತೋಳು ಚಾಚಿ ನಿಲ್ಲುತ್ತಿದ್ದೆ. ಒಂದು ದಿನ ಅವಳು ತಲೆಯಾಡಿಸಿದಳು. ಕೈ ಎತ್ತಲು ಒದ್ದಾಡಿ, ಎದುರಿನ ಗೋಡೆಯ ಕಡೆ ತೋರಿಸಿದಳು.

"ಆವತ್ತ... ನಿಂತಿದ್ರೆಲ್ಲ. ಅಲ್ಲೇ... ನಿಂದರ್ರಿ."

"ಬೀಳ್ತಿ, ವೈಜೂ."

"ನಿಂದರ್ರಿ."

ಅಳೆದು ನಾಲ್ಕು ಹೆಜ್ಜೆ ದೂರ ನಿಂತೆ. ಅಂದಿನಿಂದ ಅಲ್ಲೇ ನಿಲ್ಲುತ್ತೇನೆ. ಅವಳು ಬಾಗುತ್ತಾಳೆ, ರಿಬ್ಬನ್ ಕಟ್ಟುತ್ತಾಳೆ, ಏಳುತ್ತಾಳೆ, ನಗುತ್ತ ನನ್ನನ್ನು ನೋಡುತ್ತಾಳೆ. ನಾನು ಮನಸ್ಸಿನಲ್ಲಿ ಎಣಿಸುತ್ತೇನೆ. ಏಳು ಮುಗಿದು ಎಂಟು ಹುಟ್ಟುವಾಗ, ಅವಳು ನಡೆಯಬೇಕಾಗಿದ್ದ ಆ ನಾಲ್ಕು ಹೆಜ್ಜೆಗಳನ್ನು ನಾನು ಓಡುತ್ತೇನೆ. ಇಲ್ಲಿಯವರೆಗೆ ಒಂದು ದಿನವೂ ತಡವಾಗಿಲ್ಲ. ನನಗೆ ಈಗ ಐವತ್ತೊಂದು ವರ್ಷ; ಇನ್ನೆಷ್ಟು ವರ್ಷ ಹೀಗೆ ಓಡಬಲ್ಲೆನೋ.